ವೇಳಾಪಟ್ಟಿಯ ಹಿಂದಿನ ಲೆಕ್ಕ: ಸಾರಿಗೆ ನಿಗಮವೊಂದು ಬಸ್ಸು ನಡೆಸುವ ಬಗೆ

ಕರ್ನಾಟಕದಲ್ಲಿ ಸಾರ್ವಜನಿಕ ಸಾರಿಗೆಯ ಕುರಿತ ಚರ್ಚೆ ಬಹುಮಟ್ಟಿಗೆ ಎರಡು ಸಂಖ್ಯೆಗಳ ಸುತ್ತಲೇ ಸುಳಿಯುತ್ತದೆ: ಈ ವರ್ಷ ಎಷ್ಟು ಹೊಸ ಬಸ್ಸುಗಳು ಬಂದವು ಎಂಬುದು ಒಂದು, ಸಾರಿಗೆ ನಿಗಮಗಳಿಗೆ ಎಷ್ಟು ನಷ್ಟವಾಯಿತು ಎಂಬುದು ಇನ್ನೊಂದು. ಎರಡೂ ಮುಖ್ಯವಾದ ಸಂಖ್ಯೆಗಳೇ ಹೌದಾದರೂ ನಿಲ್ದಾಣದಲ್ಲಿ ಬಸ್ಸಿಗಾಗಿ ಕಾಯುತ್ತಿರುವವರ ಪಾಲಿಗೆ ಇವುಗಳಿಗಿಂತ ಹತ್ತಿರದ ಪ್ರಶ್ನೆ ಬೇರೊಂದಿದೆ. ಇರುವ ಬಸ್ಸು, ಇರುವ ಸಿಬ್ಬಂದಿ, ಇರುವ ರಸ್ತೆ, ಇವುಗಳನ್ನು ದಿನದ ಯಾವ ಹೊತ್ತಿನಲ್ಲಿ, ಯಾವ ಊರಿಗೆ, ಯಾವ ಆಧಾರದ ಮೇಲೆ ಹಂಚಲಾಗುತ್ತದೆ ಎಂಬುದೇ ಆ ಪ್ರಶ್ನೆ. ಅದಕ್ಕೆ ಉತ್ತರ ರೂಪುಗೊಳ್ಳುವುದು ಡಿಪೋದ ಕೊಠಡಿಯಲ್ಲಿ ಮತ್ತು ವಿಭಾಗೀಯ ಕಚೇರಿಯ ಸಂಚಾರ ಶಾಖೆಯಲ್ಲಿ. ಅದು ಶಾಸನಸಭೆಯಲ್ಲಿ ಚರ್ಚೆಗೆ ಬರುವುದಾಗಲಿ ಪತ್ರಿಕೆಯ ಮುಖಪುಟಕ್ಕೆ ಏರುವುದಾಗಲಿ ಅಪರೂಪ. ಸರ್ಕಾರಿ ಸಂಸ್ಥೆಯೊಂದು ತನ್ನ ಸಾರಿಗೆಯನ್ನು ನಡೆಸುವ ಯೋಜನೆ ಮೂಲತಃ ನಿಮಿಷಗಳನ್ನು ಹಂಚುವ ಯೋಜನೆಯಾಗಿದ್ದು, ಆ ಹಂಚಿಕೆ ಯಾವ ನಿಯಮಗಳಿಗೆ ಬದ್ಧವಾಗಿದೆ, ಎಲ್ಲಿ ಸಡಿಲವಾಗಿದೆ ಎಂಬುದನ್ನು ತಿಳಿಯದೆ ಬಸ್ಸುಗಳ ಸಂಖ್ಯೆಯನ್ನಷ್ಟೇ ಎಣಿಸುವುದರಿಂದ ಹೆಚ್ಚೇನೂ ದಕ್ಕುವುದಿಲ್ಲ.

ರಾಜ್ಯದ ಸಾರಿಗೆಯ ಇತಿಹಾಸ ಸ್ವಾತಂತ್ರ್ಯದ ಆರಂಭದ ವರ್ಷಗಳಿಂದ ಸಾಗಿ ಬಂದದ್ದು. ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಕಾರ್ಯಾರಂಭ ಮಾಡಿತು. ಇಲಾಖೆಯ ಕೈಯಲ್ಲಿದ್ದ ಈ ಸೇವೆ 1961ರ ಆಗಸ್ಟ್ 1ರಂದು ನಿಗಮದ ರೂಪ ಪಡೆದು, 1973ರಲ್ಲಿ ರಾಜ್ಯದ ಹೊಸ ಹೆಸರಿನೊಂದಿಗೆ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವಾಯಿತು. 1997ರಲ್ಲಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯೂ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯೂ ಅದರಿಂದ ಬೇರ್ಪಟ್ಟವು. 2000ದಲ್ಲಿ ಕಲಬುರಗಿಯನ್ನು ಕೇಂದ್ರವಾಗಿಟ್ಟುಕೊಂಡು ಹುಟ್ಟಿದ ಈಶಾನ್ಯ ಸಂಸ್ಥೆಗೆ 2021ರಿಂದ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೆಂಬ ಹೆಸರಿದೆ.

ಈ ನಾಲ್ಕೂ ಸಂಸ್ಥೆಗಳಿಗೆ ತಾಯಿಬೇರು 1950ರ ರಸ್ತೆ ಸಾರಿಗೆ ನಿಗಮಗಳ ಅಧಿನಿಯಮ. ಅದರ 18ನೆಯ ಪ್ರಕರಣ ನಿಗಮಕ್ಕೆ ವಿಧಿಸುವ ಕರ್ತವ್ಯ ಗಮನಾರ್ಹವಾದುದು: ದಕ್ಷವೂ ಸಾಕಷ್ಟು ಪ್ರಮಾಣದ್ದೂ ಮಿತವ್ಯಯದ್ದೂ ಪರಸ್ಪರ ಹೊಂದಾಣಿಕೆಯುಳ್ಳದ್ದೂ ಆದ ರಸ್ತೆ ಸಾರಿಗೆ ವ್ಯವಸ್ಥೆಯನ್ನು ಕ್ರಮಕ್ರಮವಾಗಿ ಒದಗಿಸಬೇಕು. ಅದೇ ಅಧಿನಿಯಮದ 22ನೆಯ ಪ್ರಕರಣ, ನಿಗಮ ತನ್ನ ಉದ್ಯಮವನ್ನು ವ್ಯಾವಹಾರಿಕ ತತ್ವಗಳ ಮೇಲೆ ನಡೆಸಬೇಕು ಎನ್ನುತ್ತದೆ. 34ನೆಯ ಪ್ರಕರಣ ರಾಜ್ಯ ಸರ್ಕಾರಕ್ಕೆ ನಿಗಮದೊಂದಿಗೆ ಸಮಾಲೋಚಿಸಿ ಸಾಮಾನ್ಯ ನಿರ್ದೇಶನಗಳನ್ನು ನೀಡುವ ಅಧಿಕಾರ ಕೊಡುತ್ತದೆ. ಒಂದೇ ಸಂಸ್ಥೆ ಹೀಗೆ ಏಕಕಾಲಕ್ಕೆ ಸೇವಕನೂ ವ್ಯಾಪಾರಿಯೂ ಸರ್ಕಾರದ ಕೈಯೂ ಆಗಬೇಕಾಗಿದೆ. ಹತ್ತು ಮಂದಿ ಹತ್ತುವ ಹಳ್ಳಿಗೆ ಬಸ್ಸು ಕಳಿಸುವುದು 18ನೆಯ ಪ್ರಕರಣದ ಕರೆ, ಅದೇ ಬಸ್ಸನ್ನು ಹೆದ್ದಾರಿಗೆ ತಿರುಗಿಸುವುದು 22ನೆಯದರ ಕರೆ. ನಿಗಮಗಳ ಬಹುತೇಕ ಸಂಕಷ್ಟಗಳಿಗೆ ಅಧಿಕಾರಿಗಳ ಅದಕ್ಷತೆಯನ್ನೇ ಕಾರಣವಾಗಿ ತೋರಿಸುವವರು ಈ ಮೂರು ಪ್ರಕರಣಗಳನ್ನು ಒಟ್ಟಿಗೆ ಓದಬೇಕು. ಮೂರರ ನಡುವಿನ ಎಳೆದಾಟ ಕಾಯಿದೆಯ ಒಡಲಿನಲ್ಲೇ ಇದೆ, ಅದನ್ನು ಪ್ರತಿದಿನ ಬಗೆಹರಿಸುವ ಹೊಣೆ ಮಾತ್ರ ಡಿಪೋದ ವೇಳಾಪಟ್ಟಿಯ ಮೇಲೆ ಬಿದ್ದಿದೆ.

ಆ ವೇಳಾಪಟ್ಟಿಯ ಮೂಲ ಘಟಕಕ್ಕೆ ಕಡತಗಳಲ್ಲಿ ಅನುಸೂಚಿ ಎಂದೂ ಸಿಬ್ಬಂದಿಯ ಬಾಯಲ್ಲಿ ಷೆಡ್ಯೂಲ್ ಎಂದೂ ಹೆಸರು. ಒಂದು ಬಸ್ಸು ಡಿಪೋದಿಂದ ಹೊರಟು ದಿನದ ಸುತ್ತುವಳಿಗಳನ್ನೆಲ್ಲ ಮುಗಿಸಿ ಮರಳುವವರೆಗಿನ ಕೆಲಸದ ಪೂರ್ಣ ಕಟ್ಟೇ ಅನುಸೂಚಿ. ಸುತ್ತುವಳಿಯೆಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಆಗುವ ಒಂದೊಂದು ಓಟ. ಪ್ರತಿ ಅನುಸೂಚಿಗೂ ನಮೂನೆ-4 ಎಂಬ ಹಾಳೆಯಿದ್ದು, ಡಿಪೋದವರು ಇದನ್ನು ಫಾರಂ ನಾಲ್ಕು ಎನ್ನುತ್ತಾರೆ. ಡಿಪೋ ಬಿಡುವ ವೇಳೆ, ಪ್ರತಿ ಸುತ್ತುವಳಿ ಹೊರಡುವ ಮತ್ತು ತಲುಪುವ ವೇಳೆ, ದೂರ, ನಡುವಿನ ವಿರಾಮ, ಪಾಳಿ ಬದಲಾಗುವ ಸ್ಥಳ ಇವೆಲ್ಲ ಅದರಲ್ಲಿ ಸಾಲುಸಾಲಾಗಿ ದಾಖಲಾಗಿರುತ್ತವೆ. ಚಾಲಕ ಮತ್ತು ನಿರ್ವಾಹಕರ ದಿನಚರಿಯನ್ನೂ, ಆ ದಾರಿಯುದ್ದಕ್ಕೂ ಇರುವ ಊರುಗಳ ಶಾಲೆ, ಸಂತೆ, ಆಸ್ಪತ್ರೆ, ಕೂಲಿಯ ಹೊತ್ತನ್ನೂ ನಿರ್ಧರಿಸುವ ಈ ಹಾಳೆಯನ್ನು ಆ ಊರುಗಳ ಜನ ನೋಡುವ ಸಂದರ್ಭ ಬರುವುದೇ ಇಲ್ಲ.

ಈ ಹಾಳೆಯನ್ನು ಮನಬಂದಂತೆ ತುಂಬಲಾಗದು. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮದ ಪ್ರಕಾರ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸುವಂತಿರಲಿಲ್ಲ. ಸತತ 5 ಗಂಟೆಗಳ ಕೆಲಸ ಮೀರುವ ಮೊದಲು ಕನಿಷ್ಠ ಅರ್ಧ ಗಂಟೆಯ ವಿರಾಮ ಸಿಗಬೇಕಿತ್ತು. ವಿರಾಮವೂ ಸೇರಿ ಕೆಲಸದ ಹರವು 12 ಗಂಟೆಗಳನ್ನು ದಾಟುವಂತಿರಲಿಲ್ಲ. ದೂರದ ಮಾರ್ಗಗಳಿಗೆ ನಿರ್ದಿಷ್ಟ ವಿನಾಯಿತಿಗಳಿದ್ದವು. ಪ್ರಯಾಣಿಕರ ಬೇಡಿಕೆಯಾದರೋ ಇಂಥ ಗಂಟೆಗಳ ಕಟ್ಟಳೆಗೆ ಒಗ್ಗುವಂಥದಲ್ಲ. ಬೆಳಗ್ಗೆ ಎರಡು ಮೂರು ಗಂಟೆ, ಸಂಜೆ ಎರಡು ಮೂರು ಗಂಟೆ ಬಸ್ಸುಗಳು ಕಿಕ್ಕಿರಿದು, ಮಧ್ಯಾಹ್ನ ಅರೆಬರೆ ಖಾಲಿಯಾಗಿ ಓಡುವುದು ನಗರದಲ್ಲೂ ಗ್ರಾಮಾಂತರದಲ್ಲೂ ಸಾಮಾನ್ಯ. ಸಂಜೆಯ ಜನಸಂದಣಿಗೆಂದು ಹೊಂದಿಸಿದ ಚಾಲಕನಿಗೆ ಬೆಳಗಿನ ಕೆಲಸವನ್ನೂ ಕೊಡಬೇಕೆಂದರೆ ನಡುವೆ ದೀರ್ಘ ಬಿಡುವು ಬಿಟ್ಟು ಪಾಳಿಯನ್ನು ಒಡೆಯಬೇಕಾಗುತ್ತದೆ. ಮನೆಯಿಂದ ದೂರವಿರುವ ಸಿಬ್ಬಂದಿಗೆ ಆ ಬಿಡುವು ವಿಶ್ರಾಂತಿಯಾಗುವುದಿಲ್ಲ, ಕಾಯುವ ಹೊತ್ತಾಗುತ್ತದೆ. ಹಾಗೆ ಒಡೆಯದೆ ಇದ್ದರೆ ಅಷ್ಟೇ ಸೇವೆಗೆ ಹೆಚ್ಚು ಜನ ಬೇಕು. ಹೊಸ ಬಸ್ಸು ಬಂದ ಮಾತ್ರಕ್ಕೆ ಹೊಸ ಸೇವೆ ಆರಂಭವಾಗದಿರುವುದರ ಗುಟ್ಟು ಇಲ್ಲಿದೆ: ಬಸ್ಸಿಗೆ ತಕ್ಕ ಚಾಲಕರಿಲ್ಲದಿದ್ದರೆ ಹೊಸ ವಾಹನ ಹಳೆಯದರ ಜಾಗಕ್ಕೆ ಬರಬಹುದೇ ಹೊರತು ಅನುಸೂಚಿಯ ಸಂಖ್ಯೆಯನ್ನು ಹೆಚ್ಚಿಸಲಾರದು.

ಗ್ರಾಮಾಂತರ ಸಾರಿಗೆಯ ಯೋಜನೆಯಲ್ಲಿ ವಿಶೇಷ ಸ್ಥಾನವಿರುವುದು ರಾತ್ರಿ ಹಳ್ಳಿಯಲ್ಲೇ ತಂಗುವ ಬಸ್ಸಿಗೆ. ಉತ್ತರ ಕರ್ನಾಟಕದಲ್ಲಿ ವಸ್ತಿ ಬಸ್ಸು ಎಂದೂ ದಕ್ಷಿಣದಲ್ಲಿ ನೈಟ್ ಹಾಲ್ಟ್ ಬಸ್ಸು ಎಂದೂ ಕರೆಯುವ ಇದು ತಾಲ್ಲೂಕು ಕೇಂದ್ರದಿಂದ ಕೊನೆಯ ಸುತ್ತುವಳಿಯಾಗಿ ಬಂದು, ಬೆಳಗ್ಗೆ ಅದೇ ಊರಿನಿಂದ ಮೊದಲ ಬಸ್ಸಾಗಿ ಹೊರಡುತ್ತದೆ. ಲೆಕ್ಕದ ದೃಷ್ಟಿಯಿಂದ ಇದರ ಲಾಭ ಸ್ಪಷ್ಟವಾಗಿದೆ: ಮುಂಜಾನೆ ಡಿಪೋದಿಂದ ಖಾಲಿಯಾಗಿ ಹಳ್ಳಿಗೆ ಓಡುವ, ಟಿಕೆಟ್ ಹುಟ್ಟದ ಕಿಲೋಮೀಟರುಗಳು ಉಳಿಯುತ್ತವೆ. ಇಂಥ ಖಾಲಿ ಓಟಕ್ಕೆ ಸಾರಿಗೆಯವರ ಮಾತಿನಲ್ಲಿ ಡೆಡ್ ಕಿಲೋಮೀಟರ್ ಎಂದು ಹೆಸರು. ಊರಿನ ದೃಷ್ಟಿಯಿಂದ ಲಾಭ ಇನ್ನೂ ದೊಡ್ಡದು. ಕಾಲೇಜಿನ ಮೊದಲ ತರಗತಿಗೆ ಹೋಗುವ ಹುಡುಗಿ, ತರಕಾರಿ ಮೂಟೆಯೊಂದಿಗೆ ಮಾರುಕಟ್ಟೆಗೆ ಹೊರಟ ರೈತ, ಜಿಲ್ಲಾಸ್ಪತ್ರೆಯ ಚೀಟಿ ಸಾಲಿನಲ್ಲಿ ಮುಂದೆ ನಿಲ್ಲಬೇಕಾದ ವೃದ್ಧ, ಇವರೆಲ್ಲರ ದಿನ ನಿಂತಿರುವುದು ಅದರ ಮೇಲೆ. ಆದರೆ ಇದೇ ಬಸ್ಸಿನ ಚಾಲಕ ನಿರ್ವಾಹಕರು ಎಷ್ಟೋ ಊರುಗಳಲ್ಲಿ ಬಸ್ಸಿನ ಸೀಟಿನ ಮೇಲೋ ಗುಡಿಯ ಕಟ್ಟೆಯ ಮೇಲೋ ಮಲಗಬೇಕಾಗಿದೆ. ಶೌಚಾಲಯ ಮತ್ತು ಸ್ನಾನದ ವ್ಯವಸ್ಥೆ ಇರುವ ಒಂದು ಕೊಠಡಿಯನ್ನು ಗ್ರಾಮ ಪಂಚಾಯಿತಿ ಒದಗಿಸಿಕೊಟ್ಟರೆ ಅದು ಸಾರಿಗೆ ಯೋಜನೆಗೆ ಆ ಊರು ಕೊಡಬಹುದಾದ ಅತ್ಯಂತ ಬೆಲೆಬಾಳುವ ನೆರವು.

ನಗರದ ಸಮಸ್ಯೆಯ ತಿರುಳು ಬೇರೆ ಕಡೆಗಿದೆ. ಒಂದು ಕಾಲ್ಪನಿಕ ಮಾರ್ಗವನ್ನು ತೆಗೆದುಕೊಂಡು ಲೆಕ್ಕ ಹಾಕಿದರೆ ಅದು ಸ್ಪಷ್ಟವಾಗುತ್ತದೆ. ಒಂದು ದಿಕ್ಕಿನ ಓಟಕ್ಕೆ 50 ನಿಮಿಷ ಹಿಡಿದು, ಎರಡೂ ತುದಿಗಳಲ್ಲಿ ತಲಾ 10 ನಿಮಿಷ ತಂಗುವುದಾದರೆ ಬಸ್ಸು ಹೊರಟ ಜಾಗಕ್ಕೆ ಮರಳಿ ಮತ್ತೆ ಹೊರಡಲು ಸಿದ್ಧವಾಗುವುದಕ್ಕೆ 120 ನಿಮಿಷ ಬೇಕು. ಪ್ರತಿ 15 ನಿಮಿಷಕ್ಕೊಂದು ಬಸ್ಸು ಬಿಡಬೇಕೆಂದರೆ 8 ಬಸ್ಸುಗಳು ಸಾಕು. ವಾಹನ ದಟ್ಟಣೆ ಹೆಚ್ಚಿ ಅದೇ ಓಟ 65 ನಿಮಿಷಕ್ಕೆ ಏರಿತೆನ್ನೋಣ. ಆಗ ಪೂರ್ಣ ಸುತ್ತು 150 ನಿಮಿಷವಾಗಿ, ಅದೇ 15 ನಿಮಿಷದ ಅಂತರವನ್ನು ಉಳಿಸಿಕೊಳ್ಳಲು 10 ಬಸ್ಸುಗಳು ಬೇಕಾಗುತ್ತವೆ. ಪ್ರಯಾಣಿಕನಿಗೆ ಒಂದೇ ಒಂದು ಹೆಚ್ಚುವರಿ ಸುತ್ತುವಳಿಯೂ ಸಿಗದೆ ಎರಡು ಬಸ್ಸು, ಅವುಗಳ ಎರಡೂ ಪಾಳಿಯ ಸಿಬ್ಬಂದಿ, ಅಷ್ಟೂ ಇಂಧನ ದಟ್ಟಣೆಯ ಪಾಲಾಯಿತು. ಬಸ್ಸುಗಳನ್ನು ಎಂಟಕ್ಕೇ ಸೀಮಿತಗೊಳಿಸಿದರೆ ಅಂತರ ಸುಮಾರು 19 ನಿಮಿಷಕ್ಕೆ ಜಾರುತ್ತದೆ, ಕಾದು ಬೇಸತ್ತವರು ಸ್ಕೂಟರು ಕೊಳ್ಳುತ್ತಾರೆ, ಆ ಸ್ಕೂಟರುಗಳು ಅದೇ ರಸ್ತೆಗೆ ಇಳಿದು ಓಟದ ಸಮಯವನ್ನು ಮತ್ತಷ್ಟು ಹಿಗ್ಗಿಸುತ್ತವೆ.

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ 2019ರಲ್ಲಿ ಗುರುತಿಸಿದ ಬಸ್ ಆದ್ಯತಾ ಪಥವನ್ನು ಈ ಲೆಕ್ಕದ ಬೆಳಕಿನಲ್ಲಿ ನೋಡಬೇಕು. ರಸ್ತೆಯ ಒಂದು ಪಟ್ಟಿಯನ್ನು ಬಸ್ಸುಗಳಿಗೆ ಬಿಟ್ಟುಕೊಟ್ಟು ಓಟದ ಸಮಯ ಇಳಿಸುವುದೆಂದರೆ ಹಣ ತೆರದೆ ಬಸ್ಸು ಕೊಂಡಂತೆ. ಮೆಟ್ರೊ ಕಾಮಗಾರಿಯ ನಡುವೆ ಆ ಪಥ ಉಳಿಯಲಿಲ್ಲ. ಅದನ್ನು ಇನ್ನಷ್ಟು ರಸ್ತೆಗಳಿಗೆ ವಿಸ್ತರಿಸಬೇಕಿದ್ದ ಕಾಲದಲ್ಲಿ ಇದ್ದದ್ದನ್ನೂ ಕಳೆದುಕೊಂಡದ್ದು ನಗರದ ಸಾರಿಗೆಗೆ ಆದ ದೊಡ್ಡ ನಷ್ಟವೆಂದೇ ಹೇಳಬೇಕು.

ಅಂತರದಷ್ಟೇ ಮುಖ್ಯವಾದದ್ದು ಕ್ರಮಬದ್ಧತೆ. 15 ನಿಮಿಷಕ್ಕೊಂದರಂತೆ ಸರಿಯಾಗಿ ಬರುವ ಬಸ್ಸಿಗೆ ಪ್ರಯಾಣಿಕ ಸರಾಸರಿ ಏಳೂವರೆ ನಿಮಿಷ ಕಾಯುತ್ತಾನೆ. ಅವೇ ಬಸ್ಸುಗಳು ಎರಡೆರಡಾಗಿ ಬೆನ್ನಿಗೆ ಬೆನ್ನು ಹತ್ತಿ ಅರ್ಧ ಗಂಟೆಗೊಮ್ಮೆ ಬಂದರೆ ಕಾಯುವ ಸರಾಸರಿ 15 ನಿಮಿಷಕ್ಕೆ ಇಮ್ಮಡಿಯಾಗುತ್ತದೆ, ಮುಂದಿನ ಬಸ್ಸು ತುಂಬಿ ತುಳುಕಿ ಹಿಂದಿನದು ಖಾಲಿ ಓಡುತ್ತದೆ. ಕಡತದಲ್ಲಿ ಮಾತ್ರ ಎಲ್ಲ ಸುತ್ತುವಳಿಗಳೂ ನಡೆದಿರುತ್ತವೆ. ಈ ದೋಷವನ್ನು ಕಂಡು ತಿದ್ದಲು ಬಸ್ಸು ಎಲ್ಲಿದೆ ಎಂಬುದು ಆ ಕ್ಷಣಕ್ಕೆ ಗೊತ್ತಿರಬೇಕು. ಕೇಂದ್ರ ಸರ್ಕಾರದ ಸುಸ್ಥಿರ ನಗರ ಸಾರಿಗೆ ಯೋಜನೆಯಡಿ, ವಿಶ್ವಬ್ಯಾಂಕ್ ಮತ್ತು ಜಾಗತಿಕ ಪರಿಸರ ನಿಧಿಯ ನೆರವಿನಿಂದ 2012ರಲ್ಲಿ ಮೈಸೂರಿನ ಸುಮಾರು 500 ಬಸ್ಸುಗಳಿಗೆ ನಿಗಮ ಅಳವಡಿಸಿದ ಬುದ್ಧಿವಂತ ಸಾರಿಗೆ ವ್ಯವಸ್ಥೆ ಇದೇ ಉದ್ದೇಶದ್ದು: ಉಪಗ್ರಹ ಆಧಾರಿತ ಸ್ಥಾನಸೂಚಕ ಸಾಧನ ಬಸ್ಸಿನಲ್ಲಿ, ಬರಲಿರುವ ಬಸ್ಸಿನ ವೇಳೆ ತೋರಿಸುವ ಫಲಕ ನಿಲ್ದಾಣದಲ್ಲಿ, ಎಲ್ಲವನ್ನೂ ಗಮನಿಸುವ ನಿಯಂತ್ರಣ ಕೊಠಡಿ ಹಿಂದೆ. ಇಂಥ ವ್ಯವಸ್ಥೆಯ ಸಾರ್ಥಕ್ಯ ಪರದೆಯ ಮೇಲೆ ಚಲಿಸುವ ಚುಕ್ಕೆಗಳಲ್ಲಿಲ್ಲ. ಆ ಚುಕ್ಕೆಗಳನ್ನು ನೋಡಿ ಹಿಂದಿನ ಬಸ್ಸನ್ನು ಎರಡು ನಿಮಿಷ ತಡೆಯುವ ಅಧಿಕಾರ ಸಂಚಾರ ನಿಯಂತ್ರಕನಿಗೆ ಇದೆಯೇ, ತಿಂಗಳ ಕೊನೆಗೆ ಆ ದಾಖಲೆಯನ್ನಿಟ್ಟುಕೊಂಡು ನಮೂನೆ-4ರ ಓಟದ ಸಮಯವನ್ನು ಪರಿಷ್ಕರಿಸಲಾಗುತ್ತದೆಯೇ ಎಂಬುದರಲ್ಲಿದೆ. ವರ್ಷಗಳ ಹಿಂದಿನ ರಸ್ತೆಗೆ ಬರೆದ ಓಟದ ಸಮಯವನ್ನು ಇಂದಿನ ರಸ್ತೆಯಲ್ಲಿ ಪಾಲಿಸಬೇಕೆಂದರೆ ಚಾಲಕ ಒಂದೋ ವಿರಾಮವನ್ನು ಬಿಡಬೇಕು, ಇಲ್ಲವೇ ಅಪಾಯಕರ ವೇಗದಲ್ಲಿ ಓಡಿಸಬೇಕು, ಅದೂ ಇಲ್ಲವೇ ಕೊನೆಯ ಸುತ್ತುವಳಿಯನ್ನು ಕೈಬಿಡಬೇಕು.

ಯಾವ ಮಾರ್ಗಕ್ಕೆ ಸೇವೆ ಹೆಚ್ಚಿಸಬೇಕು, ಎಲ್ಲಿ ಕಡಿತಗೊಳಿಸಬೇಕು ಎಂಬ ನಿರ್ಧಾರಕ್ಕೆ ನಿಗಮಗಳು ಬಳಸುವ ಅಳತೆಗಳು ಮುಖ್ಯವಾಗಿ ಮೂರು: ಒಂದು ಕಿಲೋಮೀಟರ್ ಓಡಿದ್ದಕ್ಕೆ ಬಂದ ಆದಾಯವಾದ ಇಪಿಕೆಎಂ, ಅದೇ ಕಿಲೋಮೀಟರಿಗೆ ತಗಲಿದ ವೆಚ್ಚವಾದ ಸಿಪಿಕೆಎಂ, ಆಸನಗಳಲ್ಲಿ ಎಷ್ಟು ಪಾಲು ತುಂಬಿತೆಂದು ತಿಳಿಸುವ ಲೋಡ್ ಫ್ಯಾಕ್ಟರ್. ನಿರ್ವಾಹಕರ ಕೈಯಲ್ಲಿರುವ ಟಿಕೆಟ್ ಯಂತ್ರದಿಂದ ಈ ಅಂಕಿಗಳು ಪ್ರತಿದಿನವೂ ದೊರೆಯುತ್ತವೆ. ಅವುಗಳ ಉಪಯೋಗ ದೊಡ್ಡದು, ಆದರೆ ಅವುಗಳಿಗೆ ಒಂದು ಕುರುಡು ಮಗ್ಗುಲೂ ಇದೆ. ಬಸ್ಸು ತುಂಬಿದ್ದರಿಂದ ಹತ್ತಲಾಗದವರು, ಬಸ್ಸಿನ ಹೊತ್ತು ಹೊಂದದೆ ಆಟೋ ಟೆಂಪೋಗಳಲ್ಲಿ ಹೋದವರು, ಬಸ್ಸೇ ಇಲ್ಲವೆಂದು ಮಗಳನ್ನು ಕಾಲೇಜು ಬಿಡಿಸಿದವರು ಯಾವ ಯಂತ್ರದಲ್ಲೂ ದಾಖಲಾಗುವುದಿಲ್ಲ. ಜನವಿಲ್ಲವೆಂದು ದಿನದ ನಾಲ್ಕು ಸುತ್ತುವಳಿಗಳನ್ನು ಎರಡಕ್ಕೆ ಇಳಿಸಿದರೆ, ಹಿಂದಿರುಗಲು ಬಸ್ಸು ಸಿಗದೆಂಬ ಅಂಜಿಕೆಯಿಂದ ಹೋಗುವ ಬಸ್ಸನ್ನೂ ಜನ ತೊರೆಯುತ್ತಾರೆ. ಮುಂದಿನ ಪರಿಶೀಲನೆಯಲ್ಲಿ ಉಳಿದ ಎರಡಕ್ಕೂ ಜನವಿಲ್ಲವೆಂಬ ವರದಿ ಸಿದ್ಧವಾಗಿರುತ್ತದೆ. ಸುತ್ತುವಳಿಯೊಂದರ ಬೆಲೆಯನ್ನು ಅದರ ಜೋಡಿ ಸುತ್ತುವಳಿಯೊಂದಿಗೆ ಸೇರಿಸಿಯೇ ಕಟ್ಟಬೇಕೆಂಬ ನಿಯಮ ಯೋಜನೆಯಲ್ಲಿ ಇರಬೇಕಾದದ್ದು ಈ ಕಾರಣಕ್ಕೆ.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಈ ಅಳತೆಗಳ ಅರ್ಥವನ್ನೇ ಬದಲಿಸಿತು. ಕರ್ನಾಟಕದ ನಿವಾಸಿಗಳಾದ ಮಹಿಳೆಯರಿಗೆ ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗೆ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ನೀಡುವ ಈ ಯೋಜನೆಯಡಿ 2025ರ ಜುಲೈ ವೇಳೆಗೆ 500 ಕೋಟಿ ಪ್ರಯಾಣಗಳು ದಾಖಲಾದವು. ಇದರ ಆರ್ಥಿಕ ಹೊರೆಯ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಸಾರಿಗೆಯ ಯೋಜನೆಯ ದೃಷ್ಟಿಯಿಂದ ಅದು ಕೊಟ್ಟ ಒಂದು ಕೊಡುಗೆಯನ್ನು ಗಮನಿಸಿದವರು ಕಡಿಮೆ. ತಿಂಗಳ ಪಾಸು ತೋರಿಸಿ ಹತ್ತುವವರ ಪ್ರತಿ ಪ್ರಯಾಣವೂ ಯಂತ್ರಕ್ಕೆ ಸೇರುವುದಿಲ್ಲ, ಶಕ್ತಿಯಡಿ ಕೊಡುವ ಶೂನ್ಯ ದರದ ಟಿಕೆಟ್ ಮಾತ್ರ ಪ್ರತಿ ಸಲವೂ ಹತ್ತಿದ ಮತ್ತು ಇಳಿಯುವ ಹಂತಗಳೊಂದಿಗೆ ದಾಖಲಾಗುತ್ತದೆ. ಸರ್ಕಾರ ನಿಗಮಗಳಿಗೆ ಹಣ ತುಂಬಿಕೊಡುವುದು ಈ ಟಿಕೆಟುಗಳ ಆಧಾರದ ಮೇಲೆ. ಹೀಗಾಗಿ ರಾಜ್ಯದ ಮಹಿಳೆಯರು ಎಲ್ಲಿಂದ ಎಲ್ಲಿಗೆ, ಯಾವ ಹೊತ್ತಿನಲ್ಲಿ ಪ್ರಯಾಣಿಸುತ್ತಾರೆ ಎಂಬುದರ ಅಪೂರ್ವ ದಾಖಲೆ ಇಂದು ನಿಗಮಗಳ ಕೈಯಲ್ಲಿದೆ. ಗಾರ್ಮೆಂಟ್ಸ್ ಕಾರ್ಖಾನೆಯ ಪಾಳಿ, ಅಂಗನವಾಡಿಯ ವೇಳೆ, ವಾರದ ಸಂತೆ, ಹುಣ್ಣಿಮೆ ಅಮಾವಾಸ್ಯೆಗೆ ದೇವಸ್ಥಾನಗಳತ್ತ ಸಾಗುವ ಹರಿವು ಇವೆಲ್ಲವನ್ನೂ ಅದರಿಂದ ಓದಿ ಅನುಸೂಚಿಗಳನ್ನು ಹೊಸದಾಗಿ ಹೆಣೆಯಬಹುದು. 34ನೆಯ ಪ್ರಕರಣದ ಅಧಿಕಾರವಿರುವ ಸರ್ಕಾರ ಸಾಮಾಜಿಕ ಹೊಣೆಯನ್ನು ಹೊರಿಸುವುದು ತಪ್ಪಲ್ಲ. ಹೊರಿಸಿದ ಹೊಣೆಯ ಬೆಲೆಯನ್ನು ಸಕಾಲಕ್ಕೆ ತೆರದಿದ್ದಾಗ ಮಾತ್ರ ಅದು ತಪ್ಪಾಗುತ್ತದೆ. ಮರುಪಾವತಿ ತಡವಾದಷ್ಟೂ ಇಂಧನದ ಬಾಕಿ, ಭವಿಷ್ಯ ನಿಧಿಯ ಬಾಕಿ, ಬಿಡಿಭಾಗಗಳ ಕೊರತೆ ಒಂದರ ಹಿಂದೊಂದು ಬರುತ್ತವೆ, ಕೊನೆಗೆ ನಿಲ್ಲುವುದು ಹಳ್ಳಿಯ ಸುತ್ತುವಳಿ.

ನಿಗಮ ಎಷ್ಟೇ ಚೆನ್ನಾಗಿ ಲೆಕ್ಕ ಹಾಕಿದರೂ ಅದರ ಬಸ್ಸು ಓಡುವ ರಸ್ತೆ ಅದರದಲ್ಲ. ರಸ್ತೆ ಹೆದ್ದಾರಿ ಪ್ರಾಧಿಕಾರದ್ದು, ಲೋಕೋಪಯೋಗಿ ಇಲಾಖೆಯದು ಅಥವಾ ಪಾಲಿಕೆಯದು, ಸಿಗ್ನಲ್ ಪೊಲೀಸರದು, ನಿಲ್ದಾಣದ ಮುಂದಿನ ಕಾಲುದಾರಿ ಇನ್ನಾರದೋ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿ ಇದಕ್ಕೆ ಒಳ್ಳೆಯ ನಿದರ್ಶನ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬಳಸಿ ಹೋಗುವ ಬೈಪಾಸುಗಳಿಂದ ತಡೆರಹಿತ ಬಸ್ಸುಗಳ ಓಟದ ಸಮಯ ಇಳಿಯಿತು, ಟೋಲ್ ವೆಚ್ಚ ಬಳಕೆದಾರರ ಶುಲ್ಕವಾಗಿ ಟಿಕೆಟ್ಟಿಗೆ ಸೇರಿತು. ಅದೇ ಹೊತ್ತಿಗೆ ಈ ಪಟ್ಟಣಗಳ ಪ್ರಯಾಣಿಕರಿಗೆ ಬೇರೆಯೇ ಬಸ್ಸುಗಳನ್ನು ಮೀಸಲಿಡಬೇಕಾಯಿತು. ಮೊದಲು ದಾರಿಯಲ್ಲಿ ಹತ್ತಿಸಿಕೊಂಡು ಹೋಗುತ್ತಿದ್ದ ಬಸ್ಸು ಈಗ ಊರಿನೊಳಕ್ಕೇ ಬರುವುದಿಲ್ಲ. ಹೊಸ ರಸ್ತೆಯ ನಕ್ಷೆ ಸಿದ್ಧವಾಗುವಾಗಲೇ ಸಂಚಾರ ಶಾಖೆಯ ಅಧಿಕಾರಿ ಆ ಮೇಜಿನ ಮುಂದೆ ಕುಳಿತಿರಬೇಕು. ಮಳೆಗಾಲದ ಶಿರಾಡಿ ಘಾಟಿಯ ವಿಷಯದಲ್ಲೂ ಇದೇ ಮಾತು. 2018ರಲ್ಲಿ, ಮತ್ತೆ 2024ರಲ್ಲಿ ಗುಡ್ಡ ಕುಸಿದು ಸಂಚಾರಕ್ಕೆ ತೊಡಕಾದದ್ದನ್ನು ಕಂಡ ಮೇಲೆ, ಘಾಟಿ ಮುಚ್ಚಿದ ದಿನ ಯಾವ ಬಸ್ಸು ಚಾರ್ಮಾಡಿಯ ದಾರಿ ಹಿಡಿಯಬೇಕು, ಯಾವುದು ರದ್ದಾಗಬೇಕು, ಮುಂಗಡ ಟಿಕೆಟ್ ಪಡೆದವರಿಗೆ ಯಾರು ಎಷ್ಟು ಹೊತ್ತಿಗೆ ತಿಳಿಸಬೇಕು ಎಂಬುದು ಮುಂಗಾರಿಗೆ ಮೊದಲೇ ಬರೆದಿಟ್ಟ ಆದೇಶವಾಗಿರಬೇಕು.

ಬೆಂಗಳೂರಿನ ಮಟ್ಟಿಗೆ ಈ ಚದುರಿದ ಅಧಿಕಾರಗಳನ್ನು ಒಂದೆಡೆ ಕೂರಿಸಲೆಂದು 2022ರಲ್ಲಿ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಅಧಿನಿಯಮ ರೂಪುಗೊಂಡಿತು. ಅಧಿನಿಯಮಕ್ಕೆ ತಕ್ಕ ಕಸುವು ಬರಬೇಕಾದರೆ ಪಥ ಮೀಸಲಾತಿಯಂಥ ಅಹಿತಕರ ನಿರ್ಧಾರಗಳನ್ನು ಅದು ಜಾರಿಗೆ ತರಬಲ್ಲದಾಗಬೇಕು. ವಿದ್ಯುತ್ ಬಸ್ಸುಗಳ ಆಗಮನದಿಂದ ಯೋಜನೆಗೆ ಇನ್ನೊಂದು ಹೊಸ ಕಟ್ಟು ಬಂದಿದೆ. ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ಇಂಥ ಬಸ್ಸುಗಳನ್ನು ಪಡೆದಿರುವುದು ಒಟ್ಟು ವೆಚ್ಚದ ಗುತ್ತಿಗೆಯ ಪದ್ಧತಿಯಲ್ಲಿ: ಬಸ್ಸು ಗುತ್ತಿಗೆದಾರ ಕಂಪನಿಯದು, ಚಾಲಕರೂ ಅದರವರೇ, ನಿರ್ವಾಹಕರು ಸಂಸ್ಥೆಯವರು, ಓಡಿದ ಕಿಲೋಮೀಟರಿಗೆ ಇಷ್ಟೆಂದು ಸಂಸ್ಥೆ ಹಣ ತೆರುತ್ತದೆ, ಟಿಕೆಟ್ ಆದಾಯ ಸಂಸ್ಥೆಯದೇ. ಬ್ಯಾಟರಿ ಎಷ್ಟು ದೂರ ಬಾಳುತ್ತದೆ, ಮಧ್ಯಾಹ್ನ ಎಲ್ಲಿ ಎಷ್ಟು ಹೊತ್ತು ಚಾರ್ಜ್ ಆಗಬೇಕು ಎಂಬುದು ಈಗ ನಮೂನೆ-4ರ ಸಾಲುಗಳಿಗೆ ಸೇರಿದೆ. ಗುತ್ತಿಗೆಯಲ್ಲಿ ಕಿಲೋಮೀಟರಿಗಷ್ಟೇ ಬೆಲೆ ಕಟ್ಟಿ ಸಮಯಪಾಲನೆಗೆ ಕಟ್ಟದಿದ್ದರೆ ಕಿಲೋಮೀಟರುಗಳು ಓಡುತ್ತವೆ, ಪ್ರಯಾಣಿಕ ಕಾಯುತ್ತಲೇ ಇರುತ್ತಾನೆ.

ನಿಗಮಗಳಿಂದ ಈಗಲೇ ಆಗಬೇಕಾದ ಕೆಲಸಕ್ಕೆ ದೊಡ್ಡ ಬಂಡವಾಳವೇನೂ ಬೇಡ. ಪ್ರತಿ ನಿಲ್ದಾಣದಲ್ಲಿ ಆ ನಿಲ್ದಾಣಕ್ಕೆ ಬರುವ ಬಸ್ಸುಗಳ ವೇಳೆಯನ್ನು ಬರೆದು ಹಾಕಬೇಕು. ಪ್ರತಿ ಡಿಪೋ ತಿಂಗಳಿಗೊಮ್ಮೆ ತಾನು ನಡೆಸಬೇಕಿದ್ದ ಸುತ್ತುವಳಿಗಳೆಷ್ಟು, ನಡೆಸಿದ್ದೆಷ್ಟು, ವೇಳೆಗೆ ಸರಿಯಾಗಿ ಹೊರಟದ್ದೆಷ್ಟು ಎಂಬ ಮೂರು ಅಂಕಿಗಳನ್ನು ಪ್ರಕಟಿಸಬೇಕು. ಪ್ರಯಾಣಿಕರ ಪಾಲಿನ ಕೆಲಸವೂ ಇದೆ. ಗ್ರಾಮಸಭೆಯ ಠರಾವಿನಲ್ಲಿ ಹೆಚ್ಚು ಬಸ್ಸು ಬೇಕೆಂದು ಬರೆಯುವುದಕ್ಕೆ ಬದಲಾಗಿ, ಯಾವ ಊರಿನಿಂದ ಯಾವ ಊರಿಗೆ, ಬೆಳಗ್ಗೆ ಎಷ್ಟು ಗಂಟೆಗೆ, ವಾರದ ಯಾವ ದಿನಗಳಲ್ಲಿ, ಎಷ್ಟು ವಿದ್ಯಾರ್ಥಿಗಳು ಮತ್ತು ಕೂಲಿಕಾರರು ಕಾಯುತ್ತಾರೆ, ಹಿಂದಿರುಗುವ ಹೊತ್ತು ಯಾವುದು ಎಂಬುದನ್ನು ಎಣಿಸಿ ಬರೆದು, ಡಿಪೋ ವ್ಯವಸ್ಥಾಪಕರಿಗೂ ವಿಭಾಗೀಯ ಸಂಚಾರಾಧಿಕಾರಿಗೂ ಒಂದೊಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅನುಸೂಚಿಯನ್ನು ಹೆಣೆಯುವವರಿಗೆ ಬೇಕಾದದ್ದು ಈ ವಿವರಗಳೇ.